ಕೊಳಗದ ಹೊರಗಿನವರು

1951ನೆಯ ಇಸವಿಯಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ನಡೆದ ರೈತ ಸತ್ಯಾಗ್ರಹವನ್ನು ಮಲೆನಾಡಿನ ಸುಶಿಕ್ಷಿತ ಕುಟುಂಬಗಳು ಇಂದಿಗೂ ಅಭಿಮಾನದಿಂದ ಸ್ಮರಿಸುತ್ತವೆ. ಎಚ್. ಗಣಪತಿಯಪ್ಪನವರು ಗೇಣಿದಾರರನ್ನು ಒಂದುಗೂಡಿಸಿದ್ದು, ತೀರ್ಥಹಳ್ಳಿ ಸೀಮೆಯ ಶಾಂತವೇರಿ ಗೋಪಾಲಗೌಡರು ಮುಂದಾಳುತನ ವಹಿಸಿದ್ದು, ಡಾ. ರಾಮಮನೋಹರ ಲೋಹಿಯಾ ಅವರು ಬಂದು ಬಂಧನಕ್ಕೊಳಗಾದದ್ದು, ಇವೆಲ್ಲವೂ ಇಲ್ಲಿಯ ಮನೆಮಾತುಗಳು. ಆದರೆ ಆ ದೊಡ್ಡ ಕಲಹದ ಬೇರಿನಲ್ಲಿದ್ದ ವಸ್ತು ಅತ್ಯಂತ ಸಾಮಾನ್ಯವಾದುದು. ಅದು ಒಂದು ಕೊಳಗ. ಧಣಿಯು ಗೇಣಿಯ ಭತ್ತವನ್ನು ಅಳೆದುಕೊಳ್ಳುವ ಕೊಳಗವು ನ್ಯಾಯವಾದ ಅಳತೆಗಿಂತ ದೊಡ್ಡದೆಂಬುದು ಒಕ್ಕಲುಗಳ ದೂರುಗಳಲ್ಲಿ ಮುಖ್ಯವಾದುದಾಗಿತ್ತು. ಅಳೆಯುವವನ ಕೈ ಎಷ್ಟೇ ಶುದ್ಧವಾಗಿರಲಿ, ಕೊಳಗವೇ ಅನ್ಯಾಯದ್ದಾದ ಮೇಲೆ ಅಳತೆ ನ್ಯಾಯವಾಗುವುದೆಂತು? ಈ ಒಂದು ತತ್ತ್ವವನ್ನು ಕಂಡುಕೊಂಡದ್ದೇ ಕಾಗೋಡಿನ ಹಿರಿಮೆ.

ಅದೇ ಸೀಮೆಯಲ್ಲಿ, ಎಪ್ಪತ್ತು ವರ್ಷಗಳ ಅನಂತರ, ಇನ್ನೊಂದು ಕೊಳಗವು ಬಳಕೆಗೆ ಬಂದಿತು. ಅದನ್ನು ಕುರಿತು ಯಾವ ಸತ್ಯಾಗ್ರಹವೂ ನಡೆಯಲಿಲ್ಲ. ಕೋವಿಡ್ ಮಹಾಮಾರಿಯ ಕಾಲದಲ್ಲಿ ಸರಕಾರವೂ ಸಮಾಜವೂ ಅನ್ನವನ್ನೂ ಹಣವನ್ನೂ ಔಷಧಿಯನ್ನೂ ಹಂಚಿದುದು ನಿಜ. ಹಾಗೆ ಹಂಚುವಾಗ ಹಿಡಿದ ಕೊಳಗದ ಹೆಸರು ‘ಕುಟುಂಬ’. ಕುಟುಂಬದಲ್ಲಿ ಹೆಸರಿದ್ದವರಿಗೆ ಅಷ್ಟೋ ಇಷ್ಟೋ ದೊರೆಯಿತು. ಕುಟುಂಬವೇ ಹೊರಗಟ್ಟಿದವರಿಗೆ ಕೊಳಗದಿಂದ ಚೆಲ್ಲಿದ ಕಾಳೇ ಗತಿಯಾಯಿತು. ಮಂಗಳಮುಖಿಯರು, ಜೋಗಪ್ಪ ಜೋಗತಿಯರು, ಹೆಣ್ಣಾಗಿ ಹುಟ್ಟಿ ಗಂಡಾಗಿ ಬಾಳುವವರು, ಸ್ವಲಿಂಗದವರಲ್ಲೇ ಪ್ರೇಮವನ್ನಿಟ್ಟ ಸ್ತ್ರೀಪುರುಷರು, ಒಟ್ಟಿನಲ್ಲಿ ಲಿಂಗತ್ವ ಹಾಗೂ ಲೈಂಗಿಕ ಅಲ್ಪಸಂಖ್ಯಾತರೆಂದು ಇಂದು ಕರೆಯಲ್ಪಡುವವರೆಲ್ಲರೂ ಈ ಹೊರಗಿನವರ ಸಾಲಿಗೆ ಸೇರಿದವರು.

ಮೊದಲು ಸಂಗತಿಗಳ ಕ್ರಮವನ್ನು ನೋಡಬೇಕು. 2020ರ ಮಾರ್ಚ್ 24ರ ರಾತ್ರಿ ದೇಶಕ್ಕೆಲ್ಲ ಲಾಕ್‌ಡೌನ್ ಘೋಷಿತವಾಯಿತು. ಆದರೆ ಶಿವಮೊಗ್ಗ ಜಿಲ್ಲೆಯಲ್ಲಿ ಮೊದಲ ಸೋಂಕಿತರು ಪತ್ತೆಯಾದುದು ಮೇ 10ರಂದು. ಅಂದರೆ ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ರೋಗಕ್ಕಿಂತ ಒಂದೂವರೆ ತಿಂಗಳು ಮುಂಚಿತವಾಗಿ ಹಸಿವು ಬಂದು ಬಾಗಿಲು ತಟ್ಟಿತು. ಮಲೆನಾಡಿಗೆ ವ್ಯಾಧಿಯ ಭಯ ಹೊಸದಲ್ಲ. ಹಿಂದೆ ಮಲೇರಿಯಾ ಈ ಸೀಮೆಯ ಊರೂರುಗಳನ್ನು ನಿಸ್ತೇಜಗೊಳಿಸಿತ್ತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆಯು 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಿನಲ್ಲಿ ಎಷ್ಟೋ ಜೀವಗಳನ್ನು ಒಯ್ದಿತು. ಕಾಡಿಗೆ ಹೋಗಬೇಡವೆಂದರೆ ಸೌದೆ, ಸೊಪ್ಪು, ಕೂಲಿ ಎಲ್ಲವೂ ನಿಲ್ಲುವುದೆಂಬುದು ಅಲ್ಲಿನ ಬಡವರಿಗೆ ತಿಳಿದ ಪಾಠ. ದುಡಿಮೆಯ ಜಾಗವನ್ನು ಮುಚ್ಚಿದರೆ ದುಡಿಯುವವನ ಒಲೆ ಆರುವುದೆಂಬ ಈ ಪಾಠವನ್ನು ಬಲ್ಲ ಸೀಮೆಯು, ಬೀದಿಯೇ ದುಡಿಮೆಯ ಜಾಗವಾದವರನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಅವರ ಸಂಪಾದನೆಯಾದರೂ ಎಂಥದು? ಬಾಲ್ಯದಲ್ಲೇ ಶಾಲೆಯಲ್ಲಿ ಹಂಗಿಸಲ್ಪಟ್ಟು, ಹತ್ತನೆಯ ತರಗತಿಗೆ ಮೊದಲೇ ಓದು ಬಿಟ್ಟು, ಮನೆಯಿಂದ ಹೊರಬಿದ್ದವರಿಗೆ ಕಚೇರಿಯೂ ಇಲ್ಲ, ಅಂಗಡಿಯೂ ಇಲ್ಲ. ಸಂತೆಯಲ್ಲಿ ಕೈಚಾಚುವುದು, ರೈಲಿನಲ್ಲಿ ಚಪ್ಪಾಳೆ ತಟ್ಟಿ ಬೇಡುವುದು, ಜಾತ್ರೆಯಲ್ಲಿ ಕೊಡ ಹೊತ್ತು ಕುಣಿಯುವುದು, ಕತ್ತಲಾದ ಮೇಲೆ ದೇಹವನ್ನು ಮಾರಿಕೊಳ್ಳುವುದು, ಬಹುಮಂದಿಗೆ ಉಳಿದ ದಾರಿಗಳು ಇವು. ಈ ನಾಲ್ಕು ದಾರಿಗಳೂ ಒಂದೇ ದಿನ ಮುಚ್ಚಿಹೋದವು. ತಾಳಗುಪ್ಪಕ್ಕೆ ಬರುವ ರೈಲು ನಿಂತಿತು. ವಾರದ ಸಂತೆಗಳು ನಿಂತವು. ಚಂದ್ರಗುತ್ತಿಯ ರೇಣುಕಾಂಬೆಯ ಗುಡಿ ಮೊದಲಾಗಿ ದೇವಸ್ಥಾನಗಳ ಬಾಗಿಲು ಮುಚ್ಚಿತು. ಮನುಷ್ಯನು ಮನುಷ್ಯನನ್ನು ಮುಟ್ಟುವುದೇ ಅಪಾಯವಾಯಿತು. ದಿನದ ದುಡಿಮೆಯನ್ನು ದಿನವೇ ಉಣ್ಣುವವರಿಗೆ ಉಳಿತಾಯವೆಲ್ಲಿಂದ ಬರಬೇಕು? ಬಾಡಿಗೆಯ ಕೋಣೆಯಾದರೂ ಅವರಿಗೆ ಸುಲಭವಾಗಿ ಸಿಕ್ಕುವಂಥದಲ್ಲ. ಇತರರಿಗಿಂತ ಹೆಚ್ಚು ಕೊಟ್ಟು, ಕರಾರು ಪತ್ರವಿಲ್ಲದೆ, ಮಾಲೀಕನ ಮರ್ಜಿಯ ಮೇಲೆ ನಿಂತ ವಸತಿ ಅದು. ಬಾಡಿಗೆ ತಪ್ಪಿದ ತಿಂಗಳೇ ಬಡ್ಡಿಯ ಸಾಲ ಆರಂಭವಾಗುವುದು. ಮಹಾಮಾರಿ ಅಡಗಿದರೂ ಬಡ್ಡಿ ಅಡಗಲಿಲ್ಲ.

ಹೀಗಿರಲು ಪರಿಹಾರವು ಯಾವ ಕೊಳಗದಿಂದ ಅಳೆಯಲ್ಪಟ್ಟಿತು? ಕೇಂದ್ರ ಸರಕಾರವು 2020ರ ಏಪ್ರಿಲಿನಿಂದ ತಲೆಗೆ 5 ಕಿಲೋ ಧಾನ್ಯವನ್ನು ಉಚಿತವಾಗಿ ಕೊಟ್ಟಿತು. ಆದರೆ ಅದು ಪಡಿತರ ಚೀಟಿಯಲ್ಲಿರುವ ತಲೆಗೆ. ಮನೆ ಬಿಟ್ಟವರ ತಲೆ ಒಂದೋ ತಂದೆಯ ಚೀಟಿಯಲ್ಲಿ ಉಳಿದಿತ್ತು, ಇಲ್ಲವೆ ಅಲ್ಲಿಂದಲೂ ತೆಗೆಯಲ್ಪಟ್ಟಿತ್ತು. ಮೊದಲನೆಯವರ ಅಕ್ಕಿಯನ್ನು ಅವರನ್ನು ಹೊರಗಟ್ಟಿದ ಮನೆಯೇ ಉಂಡಿತು. ಎರಡನೆಯವರ ಅಕ್ಕಿ ಹುಟ್ಟಲೇ ಇಲ್ಲ. ಜನಧನ ಖಾತೆಯುಳ್ಳ ಸ್ತ್ರೀಯರಿಗೆ ಮೂರು ತಿಂಗಳ ಕಾಲ ತಿಂಗಳಿಗೆ 500 ರೂ. ಜಮೆಯಾಯಿತು. ಹೆಣ್ಣಾಗಿಯೇ ಬಾಳುತ್ತ, ಬ್ಯಾಂಕಿನ ಕಾಗದದಲ್ಲಿ ಮಾತ್ರ ‘ಪುರುಷ’ರಾಗಿ ಉಳಿದವರಿಗೆ ಅದೂ ಸಲ್ಲಲಿಲ್ಲ. ರಾಜ್ಯ ಸರಕಾರವು ಅದೇ ಮೇ ತಿಂಗಳಿನಲ್ಲಿ 1610 ಕೋಟಿ ರೂ.ಗಳ ಪರಿಹಾರವನ್ನು ಘೋಷಿಸಿತು. ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು ಇದೇ ಜಿಲ್ಲೆಯ ಶಿಕಾರಿಪುರದ ಪ್ರತಿನಿಧಿಗಳಾಗಿದ್ದರು. ಬಟ್ಟೆ ಒಗೆಯುವವರಿಗೆ, ಕ್ಷೌರದ ವೃತ್ತಿಯವರಿಗೆ, ಆಟೋ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5000 ರೂ.; ಹೂವಿನ ಬೆಳೆಗಾರರಿಗೆ, ನೇಕಾರರಿಗೆ, ಕಟ್ಟಡ ಕಾರ್ಮಿಕರಿಗೆ ಅವರವರ ಪಾಲು. ಅದು ಶ್ಲಾಘ್ಯವಾದ ಕಾರ್ಯವೇ ಸರಿ. ಆದರೆ ವೃತ್ತಿಯ ಹೆಸರಿನಲ್ಲಿ ಹಂಚಿದ ಈ ಪಟ್ಟಿಯಲ್ಲಿ, ಯಾವ ವೃತ್ತಿಗೂ ಸೇರಿಸಲ್ಪಡದವರಿಗೆ ಸ್ಥಾನವಿರಲಿಲ್ಲ.

ಅವರಿಗೆಂದೇ ಬಂದ ನೆರವಿನ ಲೆಕ್ಕವನ್ನೂ ಮುಚ್ಚಿಡಬೇಕಾಗಿಲ್ಲ. ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯವು ಲಿಂಗತ್ವ ಅಲ್ಪಸಂಖ್ಯಾತರಿಗೆ ಒಂದಾವೃತ್ತಿ 1500 ರೂ. ಕೊಟ್ಟಿತು, 2020ರಲ್ಲಿ ಹಣ ಮತ್ತು ದಿನಸಿಯ ನೆರವು ಪಡೆದವರು ದೇಶದಲ್ಲೆಲ್ಲ ಸುಮಾರು 7000 ಜನರೆಂದು ಸಚಿವಾಲಯವೇ ತಿಳಿಸಿತು. 2011ರ ಜನಗಣತಿಯಲ್ಲಿ ಸ್ತ್ರೀಯೂ ಅಲ್ಲದ ಪುರುಷನೂ ಅಲ್ಲದ ‘ಇತರೆ’ ಎಂಬ ಕಲಮಿನಡಿ ದಾಖಲಾದವರು 4,87,803. ಅವರಲ್ಲಿ ಕರ್ನಾಟಕದವರು 20,266. ನೂರು ಜನರಲ್ಲಿ ಇಬ್ಬರಿಗೂ ಮುಟ್ಟದ ನೆರವನ್ನು ನೆರವೆನ್ನಬೇಕೆ, ನಮೂನೆಯೆನ್ನಬೇಕೆ? ರಾಜ್ಯದ ಮೈತ್ರಿ ಯೋಜನೆಯ ಮಾಸಾಶನವೂ ಆ ಕಾಲದಲ್ಲಿ ಸಾವಿರ ರೂಪಾಯಿಯನ್ನು ಮುಟ್ಟಿರಲಿಲ್ಲ.

ಇದಕ್ಕೆ ಅಧಿಕಾರಿವರ್ಗದವರು ಕೊಡುವ ಉತ್ತರ ಒಂದುಂಟು: ದಾಖಲೆಯಿಲ್ಲದವರಿಗೆ ಕೊಡುವುದೆಂತು? ಈ ಪ್ರಶ್ನೆಯನ್ನು ಅವರಿಗೇ ಹಿಂದಿರುಗಿಸಬೇಕು. ಸರ್ವೋಚ್ಚ ನ್ಯಾಯಾಲಯವು 2014ರ ಏಪ್ರಿಲ್ 15ರಂದೇ, ತನ್ನ ಲಿಂಗವನ್ನು ತಾನೇ ನಿರ್ಧರಿಸುವ ಹಕ್ಕು ಪ್ರತಿಯೊಬ್ಬರಿಗೂ ಉಂಟೆಂದು ತೀರ್ಪಿತ್ತಿತು. ಅದನ್ನು ಕಾಗದಕ್ಕಿಳಿಸುವ ಕಾಯ್ದೆಯು 2019ರಲ್ಲಿ ಅಂಗೀಕೃತವಾಗಿ, 2020ರ ಜನವರಿ 10ರಂದು ಜಾರಿಗೆ ಬಂದಿತು. ಜಿಲ್ಲಾಧಿಕಾರಿಗಳಿಂದ ಗುರುತಿನ ಪ್ರಮಾಣಪತ್ರ ಪಡೆಯುವ ನಿಯಮಗಳು ಹೊರಬಿದ್ದದ್ದು ಅದೇ ವರ್ಷದ ಸೆಪ್ಟೆಂಬರಿನಲ್ಲಿ. ಅರ್ಜಿ ಸಲ್ಲಿಸುವ ರಾಷ್ಟ್ರೀಯ ಜಾಲತಾಣವು ತೆರೆದದ್ದು ನವೆಂಬರ್ 25ರಂದು. ಹಸಿವು ಮಾರ್ಚಿನಲ್ಲಿ ಬಂದಿತು. ಹಸಿದವರ ಗುರುತುಚೀಟಿಗೆ ಅರ್ಜಿ ಹಾಕುವ ಕಿಟಕಿ ಎಂಟು ತಿಂಗಳ ಮೇಲೆ ತೆರೆಯಿತು. ದಾಖಲೆ ಇಲ್ಲದಿರುವುದು ಅವರ ದೋಷವಲ್ಲ. ದಾಖಲೆ ಕೊಡಬೇಕಾದವರ ಆಲಸ್ಯ.

ಎಣಿಸುವುದು ಕಷ್ಟವೆಂಬ ಮಾತೂ ನಿಲ್ಲತಕ್ಕದ್ದಲ್ಲ. ಬ್ರಿಟಿಷ್ ಸರಕಾರವು 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯಲ್ಲಿ ಒಂದು ಭಾಗವನ್ನೇ ಮೀಸಲಿಟ್ಟು, ಉತ್ತರ ಭಾರತದಲ್ಲಿ ಈ ಜನರ ಹೆಸರು, ವಾಸಸ್ಥಳ, ಸ್ವತ್ತುಗಳನ್ನು ದಫ್ತರಿನಲ್ಲಿ ಬರೆಯಿಸಿತು. ಸ್ವತಂತ್ರ ಕರ್ನಾಟಕವು 2011ರಲ್ಲಿ ಪೊಲೀಸ್ ಕಾಯ್ದೆಗೆ 36-ಎ ಎಂಬ ಕಲಮನ್ನು ಸೇರಿಸಿ, ಇವರ ಮೇಲೆ ನಿಗಾ ಇಡಲು ಪಟ್ಟಿ ಮಾಡುವ ಅಧಿಕಾರವನ್ನು ಕಲ್ಪಿಸಿತು. ಸಮುದಾಯದವರು ಉಚ್ಚ ನ್ಯಾಯಾಲಯದ ಮೆಟ್ಟಿಲೇರಿದ ಮೇಲೆಯೇ ಅದರ ಮಾತುಗಳು ಬದಲಾದವು. ಸಂಶಯಕ್ಕಾಗಿ ಎಣಿಸಲು ಬಲ್ಲವರಿಗೆ ಅನ್ನಕ್ಕಾಗಿ ಎಣಿಸಲು ಬಾರದೆಂದರೆ ನಂಬುವವರಾರು? 2020ರ ಸೆಪ್ಟೆಂಬರ್ 29ರಂದು ಸರ್ವೋಚ್ಚ ನ್ಯಾಯಾಲಯವು, ಲೈಂಗಿಕ ವೃತ್ತಿಯವರಿಗೆ ಗುರುತಿನ ಪುರಾವೆಯನ್ನು ಕೇಳದೆ ದಿನಸಿ ಕೊಡಬೇಕೆಂದು ರಾಜ್ಯಗಳಿಗೆ ಆಜ್ಞಾಪಿಸಿತು. ಪುರಾವೆಯಿಲ್ಲದೆಯೂ ಕೊಡಬಹುದೆಂಬುದು ಅಂದೇ ಸಿದ್ಧವಾಯಿತು. ಕೊಡುವ ಮನಸ್ಸಿಗೆ ಮಾತ್ರ ನ್ಯಾಯಾಲಯದ ಆಜ್ಞೆ ಬೇಕಾಯಿತು.

ಔಷಧಿಯ ಮಾತಿಗೆ ಬಂದರೆ ಮಲೆನಾಡಿನ ಭೂಗೋಳವೇ ಇನ್ನೊಂದು ಶತ್ರು. ಸಾಗರದಿಂದಾಗಲಿ ಹೊಸನಗರದಿಂದಾಗಲಿ ತೀರ್ಥಹಳ್ಳಿಯಿಂದಾಗಲಿ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯು ಅರವತ್ತು ಎಪ್ಪತ್ತು ಕಿಲೋಮೀಟರುಗಳ ದೂರ. ಬಸ್ಸು ನಿಂತ ಕಾಲದಲ್ಲಿ ಆ ದೂರವನ್ನು ಬಾಡಿಗೆಯ ವಾಹನದಲ್ಲಿ ಕ್ರಮಿಸುವ ಶಕ್ತಿ ಯಾರಿಗಿತ್ತು? ಎಚ್.ಐ.ವಿ. ಸೋಂಕಿನ ಔಷಧಿಯನ್ನು ಒಂದು ದಿನವೂ ತಪ್ಪಿಸದೆ ಸೇವಿಸಬೇಕು. ಹಲವು ತಿಂಗಳಿಗಾಗುವಷ್ಟನ್ನು ಒಮ್ಮೆಗೇ ಕೊಡಬೇಕೆಂದು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯು ಸೂಚಿಸಿದ್ದು ವಿವೇಕದ ಕಾರ್ಯ. ಆದರೆ ಆ ಒಮ್ಮೆಯಾದರೂ ಹೋಗಿಬರಬೇಕಷ್ಟೆ? ದಾರಿಯಲ್ಲಿ ತಡೆದ ಪೊಲೀಸಿನವನಿಗೆ ಯಾವ ಔಷಧಿ, ಯಾವ ರೋಗ ಎಂದು ಹೇಳಬೇಕು; ಹೇಳಿದರೆ ಊರಿಗೆಲ್ಲ ತಿಳಿಯುವುದು. ದೇಹವನ್ನು ಮನಸ್ಸಿಗೆ ಹೊಂದಿಸಿಕೊಳ್ಳುವ ಹಾರ್ಮೋನು ಚಿಕಿತ್ಸೆಯಲ್ಲಿದ್ದವರು ಅದನ್ನು ನಡುವೆಯೇ ನಿಲ್ಲಿಸಬೇಕಾಯಿತು; ಶಸ್ತ್ರಚಿಕಿತ್ಸೆಗಳು ‘ತುರ್ತಲ್ಲ’ವೆಂದು ಮುಂದೂಡಲ್ಪಟ್ಟವು. ಆಸ್ಪತ್ರೆಯ ವಾರ್ಡುಗಳೋ ಎರಡೇ, ಗಂಡಸರದು ಮತ್ತು ಹೆಂಗಸರದು. ಜ್ವರ ಬಂದು ಉಸಿರುಕಟ್ಟುವ ಹೊತ್ತಿನಲ್ಲಿಯೂ ಬಾಗಿಲಲ್ಲಿ ನಿಂತು ತಾನು ಯಾರೆಂದು ವಾದಿಸಬೇಕಾದವರು, ಆಸ್ಪತ್ರೆಗೆ ಹೋಗುವುದಕ್ಕಿಂತ ಮನೆಯಲ್ಲಿ ಮಲಗುವುದೇ ಮೇಲೆಂದು ಬಗೆದರೆ ಆಶ್ಚರ್ಯವೇನು?

ಬೀದಿಯಲ್ಲಿದ್ದವರ ಮಾತು ಇದಾಯಿತು. ಮನೆಯೊಳಗೇ ಇದ್ದು ಹೊರಗಿನವರಾದವರ ಸಂಗತಿ ಇನ್ನೂ ಸೂಕ್ಷ್ಮವಾದುದು. ಈ ಪತ್ರಿಕೆಯನ್ನು ತರಿಸುವ ಮನೆಗಳಿಗೆ ಹೆಚ್ಚು ಸಮೀಪವಾದುದು. ಅಡಕೆಯ ತೋಟದ ಮನೆಗಳಿಂದ ಓದಿ ಹೊರಟು ಬೆಂಗಳೂರಿನಲ್ಲಿ ನೌಕರಿ ಹಿಡಿದ ತರುಣ ತರುಣಿಯರ ಸಂಖ್ಯೆ ಅಲ್ಪವೇನಲ್ಲ. ಅವರಲ್ಲಿ ಸ್ವಲಿಂಗಪ್ರೇಮಿಗಳಿಗೆ ಸಂಬಳವೆಂಬುದು ಕೇವಲ ಹಣವಾಗಿರಲಿಲ್ಲ. ತಮ್ಮದೇ ಕೋಣೆ, ತಮ್ಮದೇ ಬೀಗದ ಕೈ, ತಮ್ಮವರೆನ್ನುವ ಒಬ್ಬರು, ಇವನ್ನೆಲ್ಲ ಆ ಸಂಬಳವೇ ಕೊಂಡು ಕೊಡುತ್ತಿತ್ತು. ಮಹಾಮಾರಿಯಲ್ಲಿ ನೌಕರಿ ಹೋದವರೂ, ನೌಕರಿ ಉಳಿದು ಮನೆಯಿಂದಲೇ ಕೆಲಸ ಮಾಡಬೇಕಾದವರೂ ತವರಿಗೆ ಮರಳಿದರು. ಲೋಕಕ್ಕೆ ಅದು ಮಕ್ಕಳು ಮನೆ ತುಂಬಿದ ಸಂತೋಷ. ಅವರ ಪಾಲಿಗೆ ತಿಂಗಳುಗಟ್ಟಲೆಯ ನಟನೆ. ಫೋನಿನಲ್ಲಿ ಯಾರೊಡನೆ ಮಾತೆಂದು ಕೇಳುವವರು ಸುತ್ತಲೂ; ಮನೆಯಲ್ಲಿ ಹೇಗೂ ಇರುವನಲ್ಲ, ಇರುವಳಲ್ಲ, ಮದುವೆಯನ್ನು ಮುಗಿಸಿಬಿಡೋಣವೆಂಬ ಮಾತು ಜಗುಲಿಯಲ್ಲಿ. ಆದಾಯವನ್ನು ಕಳೆದುಕೊಂಡವರು ಅದರೊಡನೆ ‘ಒಲ್ಲೆ’ ಎನ್ನುವ ಶಕ್ತಿಯನ್ನೂ ಕಳೆದುಕೊಂಡರು. 2018ರ ಸೆಪ್ಟೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯವು ಅವರ ಪ್ರೇಮವನ್ನು ಅಪರಾಧದ ಪಟ್ಟಿಯಿಂದ ತೆಗೆಯಿತೆಂಬುದು ನಿಜ. ಆದರೆ ನ್ಯಾಯಾಲಯದ ತೀರ್ಪು ಹೆಬ್ಬಾಗಿಲನ್ನು ದಾಟಿ ಒಳಮನೆಗೆ ಬರಲು ಇನ್ನೂ ಎಷ್ಟು ವರ್ಷ ಬೇಕು?

ಇನ್ನು ಆಕ್ಷೇಪಗಳನ್ನು ಪರಿಶೀಲಿಸಬೇಕು. ಬಡತನ ಎಲ್ಲರಿಗೂ ಬಂದಿತು, ಇವರನ್ನು ಬೇರೆಯಾಗಿ ಎಣಿಸುವುದೇಕೆ, ಎಂಬುದು ಮೊದಲನೆಯದು. ಕೂಲಿಯವನಿಗೆ ಕೆಲಸ ಹೋದರೆ ಮನೆಯಿತ್ತು, ಮನೆಯಿಲ್ಲದವನಿಗೆ ಊರಿತ್ತು, ಊರು ಬಿಟ್ಟವನನ್ನು ಜಾತಿಯ ಸಂಘವೋ ಮಠವೋ ವಿಚಾರಿಸಿತು. ಈ ಮೂರೂ ಯಾರನ್ನು ತಮ್ಮವರೆನ್ನುವುದಿಲ್ಲವೋ ಅವರ ಬಡತನವು ಉಳಿದವರ ಬಡತನದೊಡನೆ ಸಮವಲ್ಲ. ಎಲ್ಲರಿಗೂ ಒಂದೇ ಎಂಬ ಮಾತು, ಎಲ್ಲರೂ ಒಂದೇ ನೆಲದ ಮೇಲೆ ನಿಂತಿದ್ದಾಗ ಮಾತ್ರ ನ್ಯಾಯ.

ಈ ಮೂರು ತಾಲ್ಲೂಕುಗಳಲ್ಲಿ ಅಂಥವರು ಇಲ್ಲವೇ ಇಲ್ಲ, ಇದೆಲ್ಲ ಪಟ್ಟಣದ ಮಾತು ಎಂಬುದು ಎರಡನೆಯದು. ಕಾಣುವುದಿಲ್ಲವೆಂದರೆ ಹುಟ್ಟಲಿಲ್ಲವೆಂದು ಅರ್ಥವಲ್ಲ. ಹುಟ್ಟಿದವರು ಇಲ್ಲಿ ಉಳಿಯಲಾರದೆ ಹೋದರೆಂದು, ಇಲ್ಲವೆ ಉಳಿದವರು ಬಾಯಿ ಬಿಡಲಾರರೆಂದು ಅರ್ಥ. ಪಟ್ಟಣವು ಅವರನ್ನು ಹಡೆಯಲಿಲ್ಲ. ಊರುಗಳು ಹಡೆದು ಪಟ್ಟಣಕ್ಕೆ ಅಟ್ಟಿದವು. ಅದರಿಂದಾಗಿ ನೆರವಿನ ಸಂಘಗಳೂ ಬಹುಮಟ್ಟಿಗೆ ಪಟ್ಟಣದಲ್ಲಿಯೇ ಬೆಳೆದವು. ಮಹಾಮಾರಿಯ ಕಾಲದಲ್ಲಿ ದಿನಸಿಯ ಚೀಲ ಹೊತ್ತು ತಮ್ಮವರನ್ನು ಹುಡುಕಿಕೊಂಡು ಹೋದವರು ಬಹುತೇಕ ಆ ಸಮುದಾಯದವರೇ. ಪಟ್ಟಣದಲ್ಲಿ ಆ ಕೈಯಾದರೂ ಇತ್ತು; ಮಲೆನಾಡಿನ ಒಂಟಿಮನೆಗಳ ನಡುವೆ ಅದೂ ಇರಲಿಲ್ಲ.

ಬೇಡುವುದೂ ಮೈಮಾರುವುದೂ ವೃತ್ತಿಯೇ, ಅದಕ್ಕೆ ಸರಕಾರ ಪರಿಹಾರ ಕೊಡಬೇಕೆ, ಎಂಬುದು ಮೂರನೆಯದು. ಇದೇ ಎಲ್ಲಕ್ಕಿಂತ ಹೆಚ್ಚು ಕೇಳಿಬರುವುದು. ಕರ್ನಾಟಕದಲ್ಲಿ ಭಿಕ್ಷಾಟನೆಯನ್ನು ನಿಷೇಧಿಸುವ ಕಾಯ್ದೆ 1975ರಲ್ಲೇ ಆಯಿತು. ಬೇಡಬಾರದೆಂದು ಕಾಯ್ದೆ ಮಾಡಿದವರು ದುಡಿಯಲು ಎಡೆ ಮಾಡಿಕೊಡಬೇಕಷ್ಟೆ? ಅಂಗಡಿಯಲ್ಲಿ ಕೆಲಸ ಕೇಳಿದರೆ ಗಿರಾಕಿ ಬರುವುದಿಲ್ಲವೆಂದವರು, ಮನೆಗೆಲಸ ಕೇಳಿದರೆ ಬಾಗಿಲು ಹಾಕಿದವರು, ಅನಂತರ ಅವರ ಕಸುಬನ್ನು ಕಂಡು ಮೂಗು ಮುಚ್ಚುವುದು ಎಲ್ಲಿಯ ಧರ್ಮ? ಅಟ್ಟದ ಏಣಿಯನ್ನು ತೆಗೆದವನೇ, ಹತ್ತಲಾರೆಯಾ ಎಂದು ಹಂಗಿಸಿದಂತಾಯಿತು.

ಸಂಸ್ಕೃತಿಯ ಹೆಸರಿನಲ್ಲಿ ಬರುವ ಆಕ್ಷೇಪಕ್ಕೆ ಉತ್ತರವು ಆ ಸಂಸ್ಕೃತಿಯಲ್ಲಿಯೇ ಇದೆ. ಬಯಲಾಟದ ಸ್ತ್ರೀವೇಷದ ಲಾಲಿತ್ಯಕ್ಕೆ ಬೆಳಗಿನವರೆಗೆ ತಲೆದೂಗುವ ಸೀಮೆಯಿದು. ಬೃಹನ್ನಳೆಯ ಅಜ್ಞಾತವಾಸಕ್ಕೆ ಕಣ್ಣೀರಿಡುವ ಸೀಮೆಯಿದು. ಅರ್ಧನಾರೀಶ್ವರನನ್ನು ಹೊಗಳಿ ಉಪನ್ಯಾಸ ಮಾಡುವುದು ಸುಲಭ. ಅಂಥವರೊಬ್ಬರ ಹೆಸರನ್ನು ಪಡಿತರ ಚೀಟಿಯಲ್ಲಿ ಉಳಿಸುವುದು ಕಷ್ಟ. ಜೋಗತಿ ನೃತ್ಯದ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ನಾಡೆಲ್ಲ ಚಪ್ಪಾಳೆ ತಟ್ಟಿದ ಅದೇ ವರ್ಷಗಳಲ್ಲಿ ಜಾತ್ರೆಯಿಲ್ಲದೆ, ಕೊಡವನ್ನಿಳಿಸಿ ಕುಳಿತ ಸಾಮಾನ್ಯ ಜೋಗತಿಯ ಮಡಿಲಿಗೆ ಬಿದ್ದುದೆಷ್ಟು? ಒಬ್ಬರನ್ನು ಸನ್ಮಾನಿಸುವುದು ಉಳಿದವರನ್ನು ಮರೆಯಲು ನೆಪವಾಗಬಾರದು.

ಮಹಾಮಾರಿಯ ಅನಂತರ ಏನೂ ಆಗಲಿಲ್ಲವೆಂದು ಹೇಳುವುದು ಅಸತ್ಯವಾದೀತು. 2021ರ ಜುಲೈಯಲ್ಲಿ ಕರ್ನಾಟಕವು ಸರಕಾರಿ ಹುದ್ದೆಗಳಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇಕಡಾ 1ರ ಮೀಸಲಾತಿಯನ್ನು ಎಲ್ಲ ರಾಜ್ಯಗಳಿಗಿಂತ ಮೊದಲು ಜಾರಿಗೆ ತಂದಿತು. ಅದೂ ಸಂಗಮ ಸಂಸ್ಥೆಯವರು ಉಚ್ಚ ನ್ಯಾಯಾಲಯದಲ್ಲಿ ಹೋರಾಡಿದ ಫಲ. ಆದರೆ ಹುದ್ದೆಗೆ ಪದವಿ ಬೇಕು. ಪದವಿಗೆ ಶಾಲೆಯಲ್ಲಿ ಉಳಿಯಬೇಕು. 2023ರ ಜೂನಿನಲ್ಲಿ ಬಂದ ಶಕ್ತಿ ಯೋಜನೆಯು ಸರಕಾರಿ ಬಸ್ಸುಗಳಲ್ಲಿ ಸ್ತ್ರೀಯರೊಡನೆ ಇವರಿಗೂ ಉಚಿತ ಪ್ರಯಾಣವನ್ನು ಒದಗಿಸಿತು. ಖಾಸಗಿ ಬಸ್ಸುಗಳನ್ನೇ ಹೆಚ್ಚಾಗಿ ನೆಚ್ಚಿಕೊಂಡಿರುವ ಈ ತಾಲ್ಲೂಕುಗಳಿಗೆ ಅದರ ಫಲ ಅಷ್ಟಕ್ಕಷ್ಟೆ. 2023ರ ಅಕ್ಟೋಬರ್ 17ರಂದು ಸರ್ವೋಚ್ಚ ನ್ಯಾಯಾಲಯವು ಸ್ವಲಿಂಗ ವಿವಾಹಕ್ಕೆ ಮಾನ್ಯತೆ ಕೊಡಲೊಪ್ಪಲಿಲ್ಲ. ಆದರೆ ಅದರ ಬೆನ್ನಿಗೇ, 2024ರಲ್ಲಿ, ಕೇಂದ್ರ ಸರಕಾರವು ರಾಜ್ಯಗಳಿಗೆ ಕೆಲವು ಸೂಚನೆಗಳನ್ನು ಕಳುಹಿಸಿತು: ಇಂಥ ಸಂಗಾತಿಗಳನ್ನು ಪಡಿತರ ಚೀಟಿಯ ಮಟ್ಟಿಗೆ ಒಂದೇ ಮನೆಯವರೆಂದು ಎಣಿಸಬೇಕು, ಹತ್ತಿರದ ಬಂಧುಗಳಿಲ್ಲದಾಗ ಸಂಗಾತಿಯ ಶವವನ್ನು ಪಡೆಯಲು ಎಡೆಮಾಡಿಕೊಡಬೇಕು, ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲು ಅಡ್ಡಿಯಿಲ್ಲ. ಕೊಳಗವನ್ನು ತಿದ್ದಲು ಸಾಧ್ಯವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಸೂಚನೆಯು ದಿಲ್ಲಿಯಿಂದ ಹೊರಟು ಹೊಸನಗರದ ನ್ಯಾಯಬೆಲೆ ಅಂಗಡಿಯ ಕಟ್ಟೆಯನ್ನು ಮುಟ್ಟಬೇಕಾದುದೇ ಮುಂದಿನ ಕಾರ್ಯ.

ಅದಕ್ಕೆ ಆಗಬೇಕಾದುದು ಬಹಳವೇನಲ್ಲ. ಮನೆಯ ಯಜಮಾನನ ಒಪ್ಪಿಗೆಯನ್ನು ಕೇಳದೆ, ಒಂಟಿಯಾಗಿ ಬಾಳುವ ವ್ಯಕ್ತಿಗೆ ತನ್ನ ಹೆಸರಿನಲ್ಲಿಯೇ ಪಡಿತರ ಚೀಟಿ ಸಿಗಬೇಕು. ಗುರುತಿನ ಪತ್ರಕ್ಕಾಗಿ ಶಿವಮೊಗ್ಗಕ್ಕೆ ಅಲೆಯಿಸದೆ, ತಾಲ್ಲೂಕು ಕಚೇರಿಯಲ್ಲಿಯೇ ವರ್ಷಕ್ಕೆರಡು ಬಾರಿ ಶಿಬಿರ ನಡೆಯಬೇಕು. ಮೂರು ತಾಲ್ಲೂಕು ಆಸ್ಪತ್ರೆಗಳಲ್ಲಿಯೂ ಈ ಜನರ ಚಿಕಿತ್ಸೆಯನ್ನು ಬಲ್ಲ ಒಬ್ಬ ವೈದ್ಯರಾದರೂ ಇರಬೇಕು. ನಿತ್ಯದ ಔಷಧಿ ಅಲ್ಲಿಯೇ ದೊರೆಯಬೇಕು. ವಿಪತ್ತಿನ ಪರಿಹಾರದ ಪಟ್ಟಿಯಲ್ಲಿ ಇವರ ಹೆಸರು ನ್ಯಾಯಾಲಯದ ಆಜ್ಞೆಗಾಗಿ ಕಾಯದೆ ಮೊದಲ ದಿನವೇ ಇರಬೇಕು. ಎಣಿಕೆಯು ಅವರ ಸಮ್ಮತಿಯಿಂದ, ಅವರ ಗುಟ್ಟನ್ನು ಕಾಪಾಡಿಕೊಂಡು ನಡೆಯಬೇಕು. ಪೊಲೀಸರ ಕೈಗೆ ಆ ಪಟ್ಟಿ ಹೋಗಕೂಡದು.

ಇವೆಲ್ಲ ಸರಕಾರದ ಪಾಲು. ಮನೆಗಳ ಪಾಲು ಇದಕ್ಕಿಂತ ಹಿರಿದು. ಚೀಟಿಯಿಂದ ಮಗನ ಹೆಸರನ್ನು ತೆಗೆಯಿಸಿದವನು ತಹಶೀಲ್ದಾರನಲ್ಲ. ಪಾಲುಪಟ್ಟಿಯಲ್ಲಿ ಮಗಳ ಹಿಸ್ಸೆಯನ್ನು ನುಂಗಿದವನು ಮಂತ್ರಿಯಲ್ಲ. ಕುಟುಂಬವೆಂಬ ಕೊಳಗವನ್ನು ಸರಕಾರ ಹಿಡಿಯಿತು ನಿಜ. ಅದರ ಬಾಯಿಯನ್ನು ಕಿರಿದು ಮಾಡಿದವರು ಮನೆಯವರೇ. ಮುಂದಿನ ಮಹಾಮಾರಿ ಯಾವಾಗ ಬರುವುದೋ ಬಲ್ಲವರಿಲ್ಲ. ಬರುವುದೆಂಬುದನ್ನು ಮಾತ್ರ ಮಂಗನ ಕಾಯಿಲೆಯ ಸೀಮೆಯವರು ಬಲ್ಲರು. ಅದು ಬರುವುದಕ್ಕೆ ಮುಂಚೆ ಪ್ರತಿಯೊಂದು ಮನೆಯೂ ತನ್ನ ಪಡಿತರ ಚೀಟಿಯನ್ನು ತೆಗೆದು, ಅದರಲ್ಲಿ ಇರಬೇಕಾಗಿದ್ದೂ ಇಲ್ಲದ ಹೆಸರು ಯಾವುದೆಂದು ಒಮ್ಮೆ ನೋಡಿಕೊಳ್ಳಲಿ.